ಕಪ್ಪೆ ಖೋಲಿಯ ಕಲ್ಲವ್ವ

ಬೆಳಗಿನ ಐದೂವರೆ. ಪುಣೆಯ ಹಡಪಸರದ ಹಳೆಯ ಸಸಿ ನರ್ಸರಿಯೊಂದರ ಹಿಂಬದಿಯಲ್ಲಿ, ಛಾವಣಿಗೆ ಹಸಿ ಗೋಣಿತಟ್ಟು ಹೊದೆಸಿದ ಒಂಟಿ ಖೋಲಿಯ ಮುಂದೆ ಕಲ್ಲವ್ವ ನಿಂತಿದ್ದಾರೆ. ಕೀಲಿಕೈ ಕೈಯಲ್ಲೇ ಇದೆ. ಬಾಗಿಲು ಮಾತ್ರ ತೆಗೆಯುತ್ತಿಲ್ಲ. ಬಗ್ಗಿ, ಬಾಗಿಲಿನ ಸಂದಿಗೆ ಮೂಗು ಹಚ್ಚಿ, ಒಮ್ಮೆ ಉಸಿರು ಎಳೆದುಕೊಳ್ಳುತ್ತಾರೆ. ಇನ್ನೊಮ್ಮೆ ಎಳೆದುಕೊಳ್ಳುತ್ತಾರೆ. ಆಮೇಲೆ ಅಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಾರೆ.

“ಸತ್ತಿದ್ರ ವಾಸನಿ ಮೊದಲ ಬರ್ತದ್ರಿ. ಕಣ್ಣಿಗಿಂತ ಮೂಗಿಗೆ ಮೊದಲ ಗೊತ್ತಾಗ್ತದ. ಒಮ್ಮಿಗೇ ಬಾಗಲಾ ತಗದು ನೋಡೂವಷ್ಟು ಧೈರ್ಯ ನನಗಿಲ್ಲ,” ಎನ್ನುತ್ತಾರೆ.

ಇವತ್ತು ಸಂದಿಯಿಂದ ಬಂದದ್ದು ಹಸಿ ತೆಂಗಿನ ನಾರಿನ ವಾಸನೆ, ಕೊಳೆತ ಬಾಳೆಹಣ್ಣಿನ ವಾಸನೆ. ಬೇರೆ ಏನೂ ಇಲ್ಲ. ಬಾಗಿಲು ತೆರೆಯುತ್ತದೆ.

ಒಳಗೆ ಕಬ್ಬಿಣದ ಕಪಾಟಿನಲ್ಲಿ ಹದಿನೇಳು ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ಕೂತಿವೆ. ಒಂದೊಂದರಲ್ಲೂ ಒಂದಿಷ್ಟು ನಾರು, ನಾಲ್ಕು ಕಲ್ಲು, ಒಂದು ತಟ್ಟೆ ನೀರು, ಒಂಬತ್ತು ಕಪ್ಪೆ. ಕಪ್ಪೆಯೆಂದರೆ ಹೆಬ್ಬೆರಳಿನ ತುದಿಯಷ್ಟು, ಬಂಡೆಯದೇ ಬಣ್ಣ. ಕಣ್ಣು ಮಿನುಗದಿದ್ದರೆ ಕಲ್ಲೋ ಕಪ್ಪೆಯೋ ತಿಳಿಯದು. ಬ್ಯಾಟರಿ ಗಾಜಿಗೆ ಕೆಂಪು ಕಾಗದ ಸುತ್ತಿಕೊಂಡು ಕಲ್ಲವ್ವ ಜೋಡಿ ಕಣ್ಣು ಎಣಿಸುತ್ತಾ ಹೋಗುತ್ತಾರೆ. ತುಟಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ. ಹದಿನೇಳನೆಯದಕ್ಕೆ ಬಂದಾಗ ಒಟ್ಟು ನೂರಾ ಐವತ್ಮೂರು.

ಹದಿನೆಂಟನೆಯ ಡಬ್ಬಿಯೊಂದಿದೆ. ಅದು ಕಪಾಟಿನಲ್ಲಿಲ್ಲ. ಖೋಲಿಯ ಮೂಲೆಯಲ್ಲಿ, ಪ್ಲಾಸ್ಟಿಕ್ ಪರದೆಯ ಆಚೆ, ಸ್ಟೂಲಿನ ಮೇಲಿದೆ. ಅದರ ಮೇಲೆ ಬರೆದ ಅಂಕಿ ಹದಿನಾಲ್ಕು. ಅಲ್ಲಿಗೆ ಹೋಗುವ ಮೊದಲು ಕೈಗವಸು ಬದಲಿಸುತ್ತಾರೆ, ಚಪ್ಪಲಿ ಬದಲಿಸುತ್ತಾರೆ, ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸುತ್ತಾರೆ. ಹಿಂದಿನ ಸಂಜೆ ಅಲ್ಲಿ ಮೂರಿದ್ದವು. ಈಗ ಎರಡಿವೆ. ಮೂರನೆಯದು ನೀರಿನ ತಟ್ಟೆಯ ಪಕ್ಕ ಕಾಲು ಚಾಚಿ ಅಂಗಾತ ಬಿದ್ದಿದೆ.

ಇವತ್ತು ಮಾತ್ರ ಮೂಗು ಸುಳ್ಳು ಹೇಳಿತು. “ಸಣ್ಣ ಜೀವ, ವಾಸನಿ ಎಷ್ಟ ಬರ್ತದ,” ಎಂದು ತಾವೇ ಹೇಳಿಕೊಂಡು, ಅದನ್ನು ಇಕ್ಕಳದಿಂದ ಎತ್ತಿ, ಕೆಡದಂತೆ ಇಡುವ ಔಷಧಿಯ ಸೀಸೆಯಲ್ಲಿ ಇಳಿಬಿಡುತ್ತಾರೆ. ಮುಚ್ಚಳ ತಿರುಗಿಸಿ, ಮತ್ತೊಮ್ಮೆ ಬಿಗಿ ಮಾಡುತ್ತಾರೆ.

ಈ ಪುಟ್ಟ ಜೀವ ಇರುವುದು ಭೋರ್ ಊರು ದಾಟಿ ಘಟ್ಟದ ಮೇಲಿನ ಬಂಡೆಬಯಲಿನಲ್ಲಿ ಮಾತ್ರ. ಅಲ್ಲಿಯ ಜನ ಇದನ್ನು ಖಡಕ್ ಬೇಡೂಕ್ ಅನ್ನುತ್ತಾರೆ. ಬಂಡೆಗಪ್ಪೆ ಅಂತಲೇ ಅರ್ಥ. ಮೊದಲ ಮಳೆಗೆ ಬಂಡೆಯ ತಗ್ಗುಗಳಲ್ಲಿ ನಿಲ್ಲುವ ಗೇಣು ನೀರೇ ಇವುಗಳ ತೊಟ್ಟಿಲು. ಅಲ್ಲೇ ಮೊಟ್ಟೆ, ಅಲ್ಲೇ ಬಾಲದ ಮರಿ, ನೀರು ಆರುವುದರೊಳಗೆ ಕಾಲು ಮೂಡಿ ಬಂಡೆ ಹತ್ತಬೇಕು. ಈಗೀಗ ಮಳೆ ಒಂದು ವಾರ ಸುರಿದು ಮೂರು ವಾರ ಮಾಯವಾಗುತ್ತದೆ; ತೊಟ್ಟಿಲು ನಡುವೆಯೇ ಒಣಗುತ್ತದೆ. ಅದರ ಮೇಲೆ ಶನಿವಾರ, ಭಾನುವಾರ ಮೋಜಿಗೆ ಬರುವವರ ಜೀಪಿನ ಗಾಲಿ ಆ ನೀರಿನಲ್ಲೇ ಹಾಯುತ್ತದೆ. ಆರು ವರ್ಷದ ಹಿಂದೆ ನಲವತ್ತು ಹೊಂಡಗಳಲ್ಲಿ ಕೇಳುತ್ತಿದ್ದ ಕೂಗು ಕಳೆದ ವರ್ಷ ಏಳು ಹೊಂಡಗಳಿಗೆ ಇಳಿದಿತ್ತು. ಒಣಗುವ ಹೊಂಡದ ಮೊಟ್ಟೆಗಳನ್ನು ಇಲ್ಲಿಗೆ ತಂದು, ವರ್ಷ ಪೂರ್ತಿ ಸಾಕಿ, ಮುಂದಿನ ಮಳೆಗೆ ಮರಳಿ ಬಿಡುವುದು ಈ ಖೋಲಿಯ ಕೆಲಸ. ಸಾಕುವ ಕೈ ಕಲ್ಲವ್ವನವರದು.

ಜೂನ್ ಹನ್ನೆರಡಕ್ಕೇ ಇವು ಬಯಲು ಸೇರಬೇಕಿತ್ತು. ಇವತ್ತು ಇಪ್ಪತ್ತಾರು. ಅಲ್ಲಿ ಹೊಂಡ ತುಂಬಿವೆ, ಇಲ್ಲಿ ಡಬ್ಬಿಗಳು ಕದಲಿಲ್ಲ. ಹದಿನಾಲ್ಕನೆಯ ಡಬ್ಬಿಗೆ ಚರ್ಮದ ಬೂಷ್ಟು ರೋಗ ತಗುಲಿದೆ. ಮಿಕ್ಕ ಹದಿನೇಳಕ್ಕೂ ಹರಡಿದೆಯೋ ಇಲ್ಲವೋ ಎಂಬ ವರದಿ ಇವತ್ತೋ ನಾಳೆಯೋ ಬರುತ್ತದೆ. ಹರಡಿದ್ದರೆ ಒಂದೂ ಬಯಲಿಗೆ ಹೋಗುವ ಹಾಗಿಲ್ಲ. ಹೋದರೆ ಅಲ್ಲಿ ಉಳಿದಿರುವ ನಾಲ್ಕಾರು ಕಾಡುಗಪ್ಪೆಗಳನ್ನೂ ತೆಗೆದುಕೊಂಡು ಮುಳುಗುತ್ತವೆ.

ರೋಗ ಬಂದದ್ದು ಹೇಗೆ ಎಂದು ಕೇಳಿದರೆ ಬೇರೆಯವರು ಬೇರೆ ಬೇರೆ ಕಾರಣ ಹೇಳುತ್ತಾರೆ. ಕಲ್ಲವ್ವ ಒಂದೇ ಮಾತು ಹೇಳುತ್ತಾರೆ. “ನಾ ತಂದೀನ್ರಿ.”

ಕಲ್ಲವ್ವನವರ ವಯಸ್ಸು ಐವತ್ತೆರಡೋ ಐವತ್ಮೂರೋ. ಇಂಡಿ ಕಡೆಯವರು. ಇಪ್ಪತ್ತನಾಲ್ಕು ವರ್ಷದ ಹಿಂದೆ ಗಂಡ ತಾಯಪ್ಪನ ಜೊತೆ ಗೌಂಡಿ ಕೆಲಸದ ಗುಂಪಿನಲ್ಲಿ ಪುಣೆಗೆ ಬಂದರು. ಮಗರಪಟ್ಟಾದ ಕಡೆ ಆಗ ಎದ್ದ ಎತ್ತರದ ಕಟ್ಟಡಗಳಿಗೆ ತಲೆಯ ಮೇಲೆ ಬುಟ್ಟಿ ಹೊತ್ತವರಲ್ಲಿ ಇವರೂ ಒಬ್ಬರು. ಈಗ ಅಂಥದೇ ಒಂದು ಕಟ್ಟಡಕ್ಕೆ ತಾಯಪ್ಪ ಕಾವಲುಗಾರ.

“ಸಿಮೆಂಟ ಕೈ ತಿಂತಿತ್ರಿ,” ಎಂದು ಕಲ್ಲವ್ವ ಅಂಗೈ ಚಾಚಿ ತೋರಿಸುತ್ತಾರೆ. ಬೆರಳ ಸಂದಿಗಳಲ್ಲಿ ಈಗಲೂ ಹೊಳೆಯುವ ಬಿಳಿ ಕಲೆ. “ಉಣ್ಣಾಕ ಕುಂತ್ರ ಖಾರಾ ಹತ್ತಿ ಉರೀತಿತ್ತು. ಅವಾಗ ತಿಳೀತು ನನಗ, ತೊಗಲ ಅಂದ್ರ ಏನು ಅಂತ. ಈ ಕಪ್ಪಿ ಅಂತೂ ಬರೇ ತೊಗಲರಿ. ತೊಗಲಿಂದನ ನೀರ ಕುಡೀತಾವ, ತೊಗಲಿಂದನ ಉಸಿರಾಡ್ತಾವ. ನಾವು ಮುಟ್ಟಿದ್ದೆಲ್ಲಾ ಅವುಕ್ಕ ಕುಡಿಸಿದಂಗ.”

ಕೈ ಸೋತ ಮೇಲೆ ನರ್ಸರಿಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಆರು ವರ್ಷದ ಹಿಂದೆ ನರ್ಸರಿಯ ಮಾಲೀಕರು ಹಿಂದಿನ ಖೋಲಿಯನ್ನು ಸಣ್ಣದೊಂದು ಸಂಸ್ಥೆಗೆ ಬಿಟ್ಟುಕೊಟ್ಟರು. ಅದನ್ನು ನಡೆಸುವ ಪ್ರಾಣಿಶಾಸ್ತ್ರಜ್ಞೆ ನೀಲಿಮಾ ಪುಣೆಯವರೇ. ತಾಯಿಯ ತವರು ಬೆಳಗಾವಿ, ಹಾಗಾಗಿ ಕನ್ನಡಕ್ಕೆ ಮರಾಠಿಯ ಒಗ್ಗರಣೆ ಹಾಕಿ ಮಾತನಾಡುತ್ತಾರೆ. “ಮೊದಲ ದಿವಸ ಕಲ್ಲವ್ವ ಕಸಬರಿಗಿ ಹಿಡ್ಕೊಂಡು ಡಬ್ಬಿ ನೋಡಿ, ಇವನ್ನ ಹೊರಗ ಒಗೀಲೇನ್ರಿ ಬಾಯಾರ ಅಂತ ಕೇಳಿದ್ರು,” ಎಂದು ನೀಲಿಮಾ ನಗುತ್ತಾರೆ. “ಮೂರನೇ ತಿಂಗಳಿಗೆ ನನಗ ಕಾಣದ್ದು ಅವರಿಗೆ ಕಾಣಾಕ ಹತ್ತಿತು. ಈ ಕಪ್ಪಿ ಕಣ್ಣು ಒಳಗ ಹೋಗ್ಯಾವ ನೋಡ್ರಿ ಅಂದ್ರು. ಅಂದ ಎರಡು ದಿವಸಕ್ಕ ಅದು ಹೋತು. ಆವತ್ತಿನಿಂದ ಕೀಲಿಕೈ ಅವರ ಕಡೇನೇ ಅದ.”

ಆ ಕೀಲಿಕೈ ಜೊತೆ ಅಂಜಿಕೆಯೂ ಬಂತು. ಏಪ್ರಿಲ್ ಬಂದರೆ ಬಿಸಿಲಿನ ಅಂಜಿಕೆ, ಕರೆಂಟು ಹೋಗುವ ಅಂಜಿಕೆ. ಮಳೆಗಾಲ ಬಂದರೆ ಸೊಳ್ಳೆಗೆ ಹೊಗೆ ಬಿಡುವ ಗಾಡಿಯ ಅಂಜಿಕೆ. ದೂರದ ಓಣಿಯಲ್ಲಿ ಅದರ ಗುರ್ ಎನ್ನುವ ಸದ್ದು ಕೇಳಿದರೆ ಸಾಕು, ಮಾಡುವ ಕೆಲಸ ಬಿಟ್ಟು ಹಸಿ ಗೋಣಿ ಎಳೆದುಕೊಂಡು ಬಾಗಿಲಿನ ಸಂದಿಗೆ ತುರುಕಿ ಅಡ್ಡ ನಿಲ್ಲುತ್ತಾರೆ. ಗಾಡಿಯವನಿಗೂ ಈಗ ಪರಿಚಯ. ಬೇಡೂಕವಾಲಿ ಮಾವಶೀ, ಅಂದರೆ ಕಪ್ಪೆಯ ಚಿಕ್ಕಮ್ಮ, ನಿಂತಿದ್ದಾಳೆ ಎಂದು ಅಷ್ಟು ದೂರ ಯಂತ್ರ ಬಂದ್ ಮಾಡಿ ದಾಟುತ್ತಾನೆ. ಹಲ್ಲಿಯ ಅಂಜಿಕೆ, ಇರುವೆಯ ಅಂಜಿಕೆ. ಊದುಬತ್ತಿ ಹಚ್ಚುವ ಹಾಗಿಲ್ಲ. ತಲೆಗೆ ಎಣ್ಣೆ ಹಾಕಿದರೆ ಬಟ್ಟೆ ಕಟ್ಟಿಕೊಂಡೇ ಒಳಗೆ ಕಾಲಿಡಬೇಕು. ಎಲ್ಲಕ್ಕಿಂತ ಮೊದಲು ಹೋದದ್ದು ಅರಿಷಿಣ. ಶುಕ್ರವಾರ ಮುಖಕ್ಕೆ, ಕೈಗೆ ಅರಿಷಿಣ ಹಚ್ಚಿಕೊಳ್ಳುವುದನ್ನು ಇವರು ಬಿಟ್ಟು ಐದು ವರ್ಷವಾಯಿತು. ಬೆರಳಲ್ಲಿ ಉಳಿದ ಚೂರು ಹಳದಿಯೂ ಬಾಲದ ಮರಿಗಳಿಗೆ ಆಗಿಬರದು ಎಂದು ನೀಲಿಮಾ ಹೇಳಿದ್ದೇ ಸಾಕಾಯಿತು.

ಓಣಿಯ ಹೆಂಗಸರು ಸುಮ್ಮನೆ ಬಿಟ್ಟಾರೆಯೇ? “ಗಂಡ ಗಟ್ಟಿ ಅದಾನ, ಅರಿಷಿಣ ಒಲ್ಲೆ ಅಂತಾಳ. ಯಾರ ಹೆಸರಿಲೆ ಬಿಟ್ಟೀಯವ್ವಾ?” ಎಂದು ನಳದ ಮುಂದೆ ಕೇಳುತ್ತಾರೆ. ತಾಯಪ್ಪನದು ಇನ್ನೊಂದು ತರಹ. “ನನಗ ನೆಗಡಿ ಬಂದ್ರ ಕಷಾಯ ಮಾಡ್ಕೋ ಅಂತಾಳ್ರಿ. ಕಪ್ಪಿ ಸೀನಿದ್ರ ಓಡ್ತಾಳ.”

“ಕಪ್ಪಿ ಸೀನಂಗಿಲ್ಲ,” ಎಂದು ಕಲ್ಲವ್ವ ಅಲ್ಲಿಂದಲೇ ತಿದ್ದುತ್ತಾರೆ.

ದಿನದ ಲೆಕ್ಕ ಹೀಗಿದೆ. ನಳದ ನೀರಿನ ಔಷಧಿ ವಾಸನೆ ಹೋಗಲಿ ಎಂದು ಎರಡು ದಿನ ಬಿಟ್ಟ ನೀರು, ಅರವತ್ತು ಲೀಟರು. ತೊಳೆಯಬೇಕಾದ ತಟ್ಟೆ ಹದಿನೆಂಟು. ಥರ್ಮಾಮೀಟರು ನೋಡುವುದು ಮೂರು ಹೊತ್ತು. ಅಕ್ಷರ ಬಾರದಿದ್ದರೂ ಅಂಕಿ ಬರುತ್ತದೆ, ಗೋಡೆಯ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ತಾವೇ ಬರೆಯುತ್ತಾರೆ. ಊಟಕ್ಕೆ ಸಾವಿರದೈನೂರಕ್ಕೂ ಹೆಚ್ಚು ಸಣ್ಣ ನೊಣ. ಅವನ್ನು ಇಲ್ಲೇ ಬಾಟಲಿಗಳಲ್ಲಿ ಕೊಳೆತ ಬಾಳೆಹಣ್ಣು, ಬೆಲ್ಲ ಹಾಕಿ ಬೆಳೆಸಬೇಕು. ಬಾಳೆಹಣ್ಣು ಬರುವುದು ಮುಖ್ಯ ರಸ್ತೆಯಲ್ಲಿ ಹೋಟೆಲು ನಡೆಸುವ ಕುಂದಾಪುರ ಕಡೆಯ ರಾಜೀವಿಯವರಿಂದ.

“ಎಂತ ಮಾರಾಯ್ತಿ, ನನ್ನ ಬನ್ಸಿಗೆ ಹಣ್ಣು ಕಪ್ಪಾದಷ್ಟೂ ಒಳ್ಳೆದು,” ಎಂದು ರಾಜೀವಿ ಗಲ್ಲಾದಿಂದಲೇ ಕೂಗುತ್ತಾರೆ. “ಒಳ್ಳೆ ಕಪ್ಪು ಹಣ್ಣು ಎಲ್ಲ ನಿನ್ನ ನೊಣಕ್ಕೆ ಹೋದ್ರೆ ನಾನು ಗಿರಾಕಿಗೆ ಎಂತ ಕೊಡುದು?”

“ನೊಣಾ ಕೊಡ್ರಿ,” ಎಂದು ಕಲ್ಲವ್ವ ಚೀಲ ಎತ್ತಿಕೊಳ್ಳುತ್ತಾರೆ.

ಇಷ್ಟೆಲ್ಲದರ ನಡುವೆ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಡಬ್ಬಿಯೊಳಗೆ ಹೋಗುವ ಕಲ್ಲು, ನಾರು, ಒಣ ಎಲೆ ಯಾವುದೇ ಇರಲಿ, ಹೊರಗಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಕುದಿಯಬೇಕು. ರೋಗದ ಬೂಷ್ಟು ಕಣ್ಣಿಗೆ ಕಾಣುವಂಥದಲ್ಲ. ಒಂದು ಹಸಿ ಕಲ್ಲಿನ ಮೇಲೆ, ಒಂದು ಒದ್ದೆ ಬೂಟಿನ ಅಡಿಯಲ್ಲಿ ಕೂತು ಬರುತ್ತದೆ. ಆರು ವರ್ಷದಲ್ಲಿ ಕಲ್ಲವ್ವ ಸಾವಿರಗಟ್ಟಲೆ ಕಲ್ಲು ಕುದಿಸಿದ್ದಾರೆ. ಕುದಿಸದೆ ಬಿಟ್ಟದ್ದು ಐದೇ ಐದು.

ಅದು ಮೇ ತಿಂಗಳ ಮಾತು. ಪುಣೆಯ ಬಿಸಿಲು ನಲವತ್ತೊಂದು ದಾಟಿದ ದಿನ ಆರು ತಾಸು ಕರೆಂಟು ಹೋಯಿತು. ಕೂಲರು ನಿಂತಿತು. ಕಲ್ಲವ್ವ ಮಂಜುಗಡ್ಡೆ ತಂದರು, ಹಸಿ ಬಟ್ಟೆ ಹೊದೆಸಿದರು, ಡಬ್ಬಿಗಳನ್ನು ನೆಲಕ್ಕಿಳಿಸಿ ರಟ್ಟಿನಿಂದ ಗಾಳಿ ಹಾಕಿದರು. ಕರೆಂಟು ಬಂದಾಗ ಹದಿನಾಲ್ಕನೆಯ ಡಬ್ಬಿಯಲ್ಲಿ ಮೂರು ಸತ್ತಿದ್ದವು. ಅದು ಕಿಟಕಿಯ ಪಕ್ಕದ್ದು.

ಆ ವಾರವೆಲ್ಲ ಅವರಿಗೆ ಅನ್ನ ಸೇರಲಿಲ್ಲ. ಇಂಡಿ ಕಡೆ ನೀರಿಗೆ ಸಂಬಂಧಪಟ್ಟ ಯಾವ ಕೆಲಸವಿದ್ದರೂ ಗಂಗವ್ವನನ್ನು ಪೂಜಿಸದೆ ಮುಂದೆ ಹೋಗುವುದಿಲ್ಲ. ಬಾಣಂತಿ ಮೊದಲ ಸಲ ಕೊಡ ಹೊತ್ತರೂ, ಹೊಸ ಬಾವಿಗೆ ನೀರು ಬಂದರೂ, ದಂಡೆಯ ಮೇಲೆ ಐದು ಸಣ್ಣ ಕಲ್ಲಿಟ್ಟು, ಅರಿಷಿಣ ಕುಂಕುಮ ಏರಿಸಿ ಕೈಮುಗಿಯುತ್ತಾರೆ. ಆ ಐದು ಕಲ್ಲೇ ಗಂಗವ್ವ. ಇಷ್ಟು ವರ್ಷ ನೀರಿನಲ್ಲಿ ಕೈಯಿಟ್ಟು ಕೆಲಸ ಮಾಡುತ್ತಾ ತಾನೊಮ್ಮೆಯೂ ಗಂಗವ್ವನನ್ನು ನೆನೆಯಲಿಲ್ಲವಲ್ಲ, ಅದಕ್ಕೇ ಹೀಗಾಯಿತು ಎಂದು ಕಲ್ಲವ್ವನಿಗೆ ಅನ್ನಿಸಿತು.

“ಕಾಲವಿ ದಂಡಿ ಮ್ಯಾಲ ಒಂದ ಹೊಂಡ ಅದ್ರಿ. ಅಲ್ಲಿ ದೊಡ್ಡ ದೊಡ್ಡ ಕಪ್ಪಿ ಭಾಳ ಅದಾವ, ಸಂಜಿ ಆದ್ರ ಒಂದ ಸವನ ಒದರ್ತಾವ. ಇಲ್ಲಿ ಗಂಗವ್ವ ಚೊಲೊ ಅದಾಳ, ಕಪ್ಪಿಗೋಳನ್ನ ಕಾಯ್ತಾಳ ಅಂತ ಅಲ್ಲಿಂದನ ಐದು ಕಲ್ಲ ಆರಿಸಿ ತಂದೆ. ಅರಿಷಿಣ ಹಚ್ಚಲಿಲ್ರಿ. ಕುಂಕುಮ ಹಚ್ಚಲಿಲ್ಲ. ಅಷ್ಟ ಎಚ್ಚರಾ ಇತ್ತು ನನಗ. ಬರೇ ಕಲ್ಲ ಹಸೀ ಇದ್ದಂಗ ಹದಿನಾಕರಾಗ ಇಟ್ಟು ಕೈ ಮುಗದೆ.”

ಯಾಕೆ ಕುದಿಸಲಿಲ್ಲ ಎಂದು ಕೇಳಿದರೆ ಕಲ್ಲವ್ವ ನೊಣದ ಬಾಟಲಿಯೊಂದನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಅದರ ಬಾಯಿಗೆ ಬಟ್ಟೆ ಕಟ್ಟುತ್ತಾ ಹೇಳುತ್ತಾರೆ.

“ದ್ಯಾವರನ್ನ ಹ್ಯಾಂಗ ಕುದಸೂದ್ರಿ?”

ಮರುದಿನ ನೋಡಿದರೆ ಉಳಿದ ಆರೂ ಕಪ್ಪೆಗಳು ಆ ಕಲ್ಲುಗಳ ಮೇಲೇ ಕೂತಿದ್ದವು. ಕಲ್ಲವ್ವನಿಗೆ ಕಣ್ಣು ತುಂಬಿ ಬಂತು. ಗಂಗವ್ವ ಮಡಿಲಿಗೆ ಹಾಕಿಕೊಂಡಳು ಅಂದುಕೊಂಡರು. ಡಬ್ಬಿಯಲ್ಲಿ ಮೊದಲೇ ಕಲ್ಲುಗಳಿದ್ದವು. ಇನ್ನೈದು ಸೇರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಜೂನ್ ಮೊದಲ ವಾರ, ಬಯಲಿಗೆ ಬಿಡುವ ಮುಂಚಿನ ಪರೀಕ್ಷೆ. ಮೂರು ಡಬ್ಬಿಯ ಕಪ್ಪೆಗಳ ಹೊಟ್ಟೆಗೆ ಹತ್ತಿಯ ಕಡ್ಡಿ ಸವರಿ ಪ್ರಯೋಗಾಲಯಕ್ಕೆ ಕಳಿಸಿದರು. ಮೂರೂ ಚೊಕ್ಕ. ಹನ್ನೆರಡರ ಬೆಳಿಗ್ಗೆ ಹೊರಡುವುದೆಂದು ನಿಕ್ಕಿಯಾಯಿತು. ಆ ಮೂರರಲ್ಲಿ ಹದಿನಾಲ್ಕು ಇರಲಿಲ್ಲ.

ಹತ್ತನೆಯ ತಾರೀಖು ಕಲ್ಲವ್ವ ನೀರಿನ ತಟ್ಟೆ ತೆಗೆದಾಗ ಅದರಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳ್ಳನೆಯ ತೊಗಲು ತೇಲುತ್ತಿತ್ತು. ಒಂದು ಕಪ್ಪೆ ಹಿಂಗಾಲು ಎಳೆದುಕೊಳ್ಳಲಾರದೆ ಕೂತಿತ್ತು. ಬೂಷ್ಟು ರೋಗದ ಚಿತ್ರಗಳನ್ನು ನೀಲಿಮಾ ಗೋಡೆಗೆ ಅಂಟಿಸಿದ್ದಾರೆ. ನೋಡಿದ ಕೂಡಲೇ ಗೊತ್ತಾಯಿತು. ಐದು ಕಲ್ಲು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದರು. ದೇವರ ಗೂಡಿನಲ್ಲಿಟ್ಟರು. ಯಾರಿಗೂ ಹೇಳಲಿಲ್ಲ.

ಗಂಡನಿಗೆ ಮಾತ್ರ ಹೇಳಿದರು. “ಸುಮ್ನಿರು,” ಎಂದ ತಾಯಪ್ಪ. ಆ ಮಾತನ್ನು ಈಗ ಅವನೇ ಒಪ್ಪಿಕೊಳ್ಳುತ್ತಾನೆ. “ವರದಿ ಚೊಕ್ಕ ಬಂದದ ಅಂತೀದಿ. ಓದಿದವರು ಚೊಕ್ಕ ಅಂದ ಮ್ಯಾಲ ನಿನ್ನ ಯಾರು ಕೇಳ್ತಾರ? ಹೇಳಿದ್ರ ಮೊದಲ ನಿನ್ನ ಹೊರಗ ಹಾಕ್ತಾರ ಅಂದ್ನಿರಿ. ನನಗ ಆಕೀ ಅಂಜಿಕಿ. ಆಕೀಗಿ ಕಪ್ಪೀ ಅಂಜಿಕಿ.”

ಎರಡು ದಿನ ಕಲ್ಲವ್ವ ಎರಡು ಅಂಜಿಕೆಗಳ ನಡುವೆ ಓಡಾಡಿದರು. ಹೇಳಿದರೆ ಕೀಲಿಕೈ ಹೋಗುತ್ತದೆ. ಹೇಳದಿದ್ದರೆ ರೋಗ ಬಯಲಿಗೆ ಹೋಗುತ್ತದೆ. ಇನ್ನೂ ಒಂದಿತ್ತು: ಈ ಎಲ್ಲವೂ ಗಂಗವ್ವನ ಕೆಲಸವೆಂದು ಹೇಳಿದರೆ ಗಂಗವ್ವ ಏನಂದಾಳು.

ಹನ್ನೆರಡರ ನಸುಕಿಗೆ ಜೀಪು ಬಂತು. ಓಡಿಸುವವನು ಮಾಂತು, ಜತ್ತ ಕಡೆಯವನು, ನಲವತ್ತರ ಆಸುಪಾಸು. ಬಯಲಿನ ಹೊಂಡಗಳನ್ನು ನೋಡಿಕೊಳ್ಳುವವನೂ ಅವನೇ. ಡಬ್ಬಿ ಒಂದೊಂದಾಗಿ ಹೊತ್ತು ತಂದ. ಹದಿಮೂರರ ನಂತರ ಹದಿನಾಲ್ಕನ್ನು ಎತ್ತಹೋದರೆ ಅದು ಬರಲಿಲ್ಲ. ಇನ್ನೊಂದು ಅಂಚನ್ನು ಕಲ್ಲವ್ವ ಹಿಡಿದಿದ್ದರು.

“ಬಿಡಕ್ಕಾ, ಹೊತ್ತಾಗ್ತದ.”

ಬಿಡಲಿಲ್ಲ.

“ಅಳಬ್ಯಾಡ, ಮುಂದಿನ ತಿಂಗಳು ಮತ್ತ ಮೊಟ್ಟಿ ತರ್ತೀನಿ,” ಎಂದು ಮಾಂತು ಚೇಷ್ಟೆ ಮಾಡಿದ. ಕಲ್ಲವ್ವ ಅಳುತ್ತಿರಲಿಲ್ಲ. ಮುಖ ಬೂದಿಯಾಗಿತ್ತು. ನೀಲಿಮಾ ಜೀಪಿನಿಂದ ಇಳಿದು ಬಂದರು.

“ಕಾಯ್ ಝಾಲಂ? ಏನಾತು ಕಲ್ಲವ್ವಾ?”

“ಇದಕ್ಕ ರೋಗ ಅದರಿ ಬಾಯಾರ. ನಾ ತಂದೀನಿ.”

ನಿಂತಲ್ಲೇ ಎಲ್ಲವನ್ನೂ ಹೇಳಿದರು. ಹೊಂಡ, ಐದು ಕಲ್ಲು, ಕುದಿಸದೆ ಇಟ್ಟದ್ದು, ತೇಲಿದ ತೊಗಲು, ಎರಡು ದಿನ ಮುಚ್ಚಿಟ್ಟದ್ದು. ಹೇಳಿ ಮುಗಿಸಿ ಕೀಲಿಕೈ ತೆಗೆದು ಜೀಪಿನ ಬಾನೆಟ್ಟಿನ ಮೇಲಿಟ್ಟರು.

ನೀಲಿಮಾ ಬೈಯಲಿಲ್ಲ. ಖೋಲಿಯ ಮೆಟ್ಟಿಲ ಮೇಲೆ ಕೂತು ತಲೆ ಹಿಡಿದುಕೊಂಡರು. ಅದು ಬೈಗುಳಕ್ಕಿಂತ ಹೆಚ್ಚು ಅಂಜಿಸಿತು ಎನ್ನುತ್ತಾರೆ ಕಲ್ಲವ್ವ. ಒಂದು ವರ್ಷದ ಕೆಲಸ, ಬಯಲಿನಲ್ಲಿ ಆಗಲೇ ಕವಿದ ಮೋಡ, ಜೀಪಿನಲ್ಲಿ ಹದಿಮೂರು ಡಬ್ಬಿ. ಬಹಳ ಹೊತ್ತಿನ ಮೇಲೆ ಎದ್ದು, “ಮಾಂತು, ಎಲ್ಲಾ ಇಳಸು,” ಎಂದರು. ಮತ್ತೆ ಕೇಳಿದ್ದು ಒಂದೇ ಪ್ರಶ್ನೆ. “ಆ ಕಲ್ಲು ಈಗ ಎಲ್ಲಿ ಅದಾವ?”

ಹತ್ತು ಗಂಟೆಗೆ ಕಲ್ಲುಗಳು ಬಂದವು. ಒಲೆ ಹೊತ್ತಿಸಿದವರೂ ಕಲ್ಲವ್ವನೇ, ಪಾತ್ರೆ ಇಟ್ಟವರೂ ಅವರೇ. ತಾನು ಹಾಕುತ್ತೇನೆಂದು ಮಾಂತು ಮುಂದೆ ಬಂದರೆ ಬೇಡವೆಂದರು. ಗೇಟಿನ ಆಚೆ ತಾಯಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ.

“ತಪ್ಪಾತವ್ವಾ ಅಂದು ಒಂದೊಂದ ಬಿಟ್ನಿರಿ. ನೀರು ಕೊತಾ ಕೊತಾ ಅನ್ನೂಮುಂದ ಎದಿ ಒಡದಂಗಾತು. ಕಲ್ಲ ಪಾತ್ರಿಗೆ ಬಡದ ಸಪ್ಪಳ, ಯಾರೋ ಬಾಗಲಾ ಬಡದಂಗ. ಇಪ್ಪತ್ತ ಮಿನಿಟು ಅಲ್ಲೇ ಕುಂತೆ. ಒಂದ ಮಿನಿಟು ಕಡಿಮಿ ಮಾಡಲಿಲ್ಲ.”

ಬಾನೆಟ್ಟಿನ ಮೇಲಿನ ಕೀಲಿಕೈಯನ್ನು ಯಾರೂ ಮುಟ್ಟಿರಲಿಲ್ಲ. ಮಧ್ಯಾಹ್ನ ನೀಲಿಮಾ ಖೋಲಿಯ ಒಳಗಿನಿಂದಲೇ ಕೂಗಿದರು. “ಕಲ್ಲವ್ವಾ, ಕೀಲಿಕೈ ಬಿಸಲಾಗ ಕಾದಿರ್ತದ, ತಗೋರಿ. ಔಷಧದ ನೀರು ಅಳೀಬೇಕು, ಬರ್ರಿ.”

ಅಂದಿನಿಂದ ಹನ್ನೊಂದು ದಿನ, ದಿನಕ್ಕೊಮ್ಮೆ, ಒಂದೊಂದು ಕಪ್ಪೆಗೂ ಐದು ನಿಮಿಷ ಔಷಧಿಯ ಸ್ನಾನ. ಡಬ್ಬಿಗೊಂದು ಜೊತೆ ಹೊಸ ಕೈಗವಸು. ಬೆಳಿಗ್ಗೆ ಆರಕ್ಕೆ ಕೂತರೆ ಕಲ್ಲವ್ವ, ನೀಲಿಮಾ ಇಬ್ಬರೂ ಏಳುತ್ತಿದ್ದುದು ಮಧ್ಯಾಹ್ನ ಮೂರಕ್ಕೆ. ಹದಿನಾಲ್ಕರ ಪರೀಕ್ಷೆ ಬಂತು: ರೋಗ ಖಚಿತ. ಒಂದೊಂದಾಗಿ ಮೂರು ಹೋದವು, ಇವತ್ತು ಬೆಳಿಗ್ಗೆ ನಾಲ್ಕನೆಯದು. ಸ್ನಾನ ಮುಗಿದ ಮೇಲೆ ಈ ಸಲ ಹದಿನೇಳೂ ಡಬ್ಬಿಗಳ ಕಪ್ಪೆಗಳಿಗೆ ಹತ್ತಿ ಸವರಿ ಕಳಿಸಿದರು. ಆ ವರದಿಗೆ ಕಾಯುವುದೇ ಈಗ ಉಳಿದಿರುವ ಕೆಲಸ.

“ಕಲ್ಲಿಂದಲೇ ಬಂತು ಅಂತ ಖಾತ್ರಿ ಹೇಳಾಕ ಬರಂಗಿಲ್ಲ,” ಎನ್ನುತ್ತಾರೆ ನೀಲಿಮಾ. “ಮೊದಲೇ ಒಂದು ಕಪ್ಪಿ ಒಳಗ ಇದ್ದಿರಬಹುದು, ಬಿಸಿಲಿಗೆ ಸೋತು ಮ್ಯಾಲೆ ಬಂದಿರಬಹುದು. ಮೂರ ಡಬ್ಬಿ ನೋಡಿ ಎಲ್ಲಾ ಚೊಕ್ಕ ಅಂದದ್ದು ನನ್ನ ತಪ್ಪು. ಅವರು ಹೇಳಲಿಲ್ಲ ಅಂದ್ರ ನಾನು ನನ್ನ ಕೈಯಾರೆ ಬಯಲು ಕೆಡಿಸಿ ಬರ್ತಿದ್ದೆ.”

ಈ ಸಮಾಧಾನವನ್ನು ಕಲ್ಲವ್ವ ತೆಗೆದುಕೊಳ್ಳುವುದಿಲ್ಲ. “ಬಾಯಾರು ಭಾಳ ಚೊಲೊ ಮಂದಿ, ಹಂಗಂತಾರ,” ಎಂದಷ್ಟೇ ಹೇಳಿ ನೀರಿನ ಡ್ರಮ್ಮಿನ ಮುಚ್ಚಳ ನೋಡಲು ಏಳುತ್ತಾರೆ.

ಮಧ್ಯಾಹ್ನ ಒಂದೂವರೆಗೆ ನೀಲಿಮಾ ಫೋನ್ ಹಿಡಿದು ಹೊರಬರುತ್ತಾರೆ. ಕಲ್ಲವ್ವ ನೊಣದ ಬಾಟಲಿ ತೊಳೆಯುತ್ತಿದ್ದಾರೆ. ತಲೆ ಎತ್ತುವುದಿಲ್ಲ. ನೀಲಿಮಾ ಒಂದೊಂದೇ ಅಂಕಿ ಓದುತ್ತಾರೆ: ಒಂದು, ಇಲ್ಲ. ಎರಡು, ಇಲ್ಲ. ಮೂರು, ಇಲ್ಲ. ಒಮ್ಮೆಗೇ ಹೇಳಿದರೆ ಕಲ್ಲವ್ವ ನಂಬುವುದಿಲ್ಲವೆಂದು ಅವರಿಗೆ ಗೊತ್ತು. ಹದಿಮೂರು, ಇಲ್ಲ. ಹದಿನೈದು, ಇಲ್ಲ. ಅವೆರಡೂ ಹದಿನಾಲ್ಕರ ಅಕ್ಕಪಕ್ಕದವು. ಅಲ್ಲಿಗೆ ಬಂದಾಗ ಕಲ್ಲವ್ವನ ಕೈಯಲ್ಲಿ ಬಾಟಲಿ ನಿಂತೇ ಬಿಡುತ್ತದೆ. ಹದಿನೆಂಟು, ಇಲ್ಲ. ಹದಿನೇಳು ಡಬ್ಬಿ, ನೂರಾ ಐವತ್ಮೂರು ಕಪ್ಪೆ, ಎಲ್ಲಿಯೂ ರೋಗವಿಲ್ಲ.

“ಇನ್ನೊಮ್ಮಿ ಓದ್ರಿ,” ಎನ್ನುತ್ತಾರೆ ಕಲ್ಲವ್ವ.

ನೀಲಿಮಾ ಇನ್ನೊಮ್ಮೆ ಓದುತ್ತಾರೆ.

ಮಾರನೆಯ ದಿನವೇ ಜೀಪು ಹೊರಡುತ್ತದೆ. ಈ ಸಲ ನೀವೂ ಬನ್ನಿ, ಆರು ವರ್ಷದಲ್ಲಿ ಒಮ್ಮೆಯೂ ಬಯಲು ನೋಡಿಲ್ಲ ಎಂದು ನೀಲಿಮಾ ಒತ್ತಾಯ ಮಾಡುತ್ತಾರೆ. ಕಲ್ಲವ್ವ ತಲೆಯಾಡಿಸುತ್ತಾರೆ. “ಹದಿನಾಕನೇ ಡಬ್ಬಿ ಮುಟ್ಟಿದ ಕೈ ಇದು. ಕಾಲಿಗೆ ಏನ ಹತ್ಯದೋ, ಸೀರಿ ಅಂಚಿಗೆ ಏನ ಹತ್ಯದೋ. ನಾ ಬರೂದು ಬ್ಯಾಡ.” ಗವಸು ಹಾಕಿದ್ದಿರಿ, ಎಲ್ಲ ತೊಳೆದಿದೆ, ಏನೂ ಆಗುವುದಿಲ್ಲ ಎಂದು ನೀಲಿಮಾ, ಮಾಂತು ಇಬ್ಬರೂ ಹೇಳುತ್ತಾರೆ. ಕಲ್ಲವ್ವ ಕೇಳುವುದಿಲ್ಲ. ಡಬ್ಬಿಗಳ ಮೇಲೆ ಹಸಿ ಬಟ್ಟೆ ಸರಿಮಾಡಿ, ಮಾಂತುವಿಗೆ ಗಾಡಿ ನಿಧಾನ ಓಡಿಸೆಂದು ಮೂರು ಸಲ ಹೇಳಿ, ಗೇಟು ಹಾಕಿಕೊಳ್ಳುತ್ತಾರೆ.

ಪರದೆಯ ಆಚೆಯ ಎರಡು ಕಪ್ಪೆಗಳು ಬದುಕಿವೆ. ಅವು ಇನ್ನು ಬಯಲಿಗೆ ಹೋಗುವಂತಿಲ್ಲ. ಬದುಕಿದಷ್ಟು ದಿನ ಇಲ್ಲೇ, ಕಲ್ಲವ್ವನ ಕೈಯಲ್ಲೇ. ಖಾಲಿಯಾದ ಹದಿನೇಳು ಡಬ್ಬಿಗಳನ್ನು ಅವರು ಕುದಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟಿದ್ದಾರೆ. ಜುಲೈ ಎರಡನೆಯ ವಾರ, ಪುಣೆಯ ಮಳೆ ಒಂದು ಗಳಿಗೆ ಬಿಡುವು ಕೊಟ್ಟ ಬೆಳಿಗ್ಗೆ, ಭೋರ್‌ನಿಂದ ಮಾಂತುವಿನ ಜೀಪು ಬರುತ್ತದೆ. ಗೇಟಿನಲ್ಲೇ ಕಲ್ಲವ್ವ ಬಕೆಟ್ಟು, ತಿಕ್ಕುವ ಬ್ರಷ್ಷು ಹಿಡಿದು ಅಡ್ಡ ನಿಂತಿದ್ದಾರೆ.

“ಅಕ್ಕಾ, ಮೊದಲ ಸುದ್ದಿ ಕೇಳು.”

“ಮೊದಲ ಬೂಟು.”

ಗೇಟು ಹಿಡಿದು ಒಂಟಿ ಕಾಲಲ್ಲಿ ನಿಂತ ಮಾಂತು ಸುದ್ದಿ ಹೇಳುತ್ತಾನೆ. ನಮ್ಮವನ್ನು ಬಿಟ್ಟ ಮೂರನೇ ಹೊಂಡದಲ್ಲಿ ಮೊಟ್ಟೆ ಇವೆ. ಅಂಗೈಯಷ್ಟು ಅಗಲದ ಗುಂಪು. ನಿನ್ನೆ ನೋಡಿದ್ದು. ಹಿಂದೆ ಬಂದು ನಿಂತ ನೀಲಿಮಾ, ನಮ್ಮ ಕಪ್ಪೆಗಳವೋ ಅಲ್ಲಿಯೇ ಇದ್ದವುಗಳದೋ ಈಗಲೇ ಹೇಳಲಾಗದು ಎನ್ನುತ್ತಾರೆ. ಹಾಗೆನ್ನುವಾಗಲೂ ಮುಖದಲ್ಲಿ ನಗು ನಿಲ್ಲುತ್ತಿಲ್ಲ.

ಕಲ್ಲವ್ವನ ಬ್ರಷ್ಷು ಬೂಟಿನ ಮೇಲೆಯೇ ನಿಂತಿದೆ.

“ನೀ ಮುಟ್ಟಲಿಲ್ಲ ಹೌದಲ್ಲ?”

“ಇಲ್ಲಕ್ಕಾ. ನೆಳ್ಳ ಸುದ್ದಾ ಬೀಳಗೊಡಲಿಲ್ಲ.”

“ಏರೂ ಮುಂದ ಬೂಟ ತೊಳಕೊಂಡಿದ್ದಿ?”

“ಎರಡ ಸಲ.”

“ನೀರ ಎಷ್ಟದ?”

“ಗೇಣ ಅದ. ಮಳಿ ನಿಂತ್ರ ಎಂಟ ಹತ್ತ ದಿನ ತಡೀತದ.”

ಕಲ್ಲವ್ವ ಆಕಾಶ ನೋಡುತ್ತಾರೆ. ಹಡಪಸರದ ಮೇಲೆ ಮೋಡ ಸರಿಯುತ್ತಿದೆ, ಬಿಸಿಲು ಇಣುಕುತ್ತಿದೆ. ಅದು ಅವರಿಗೆ ಸೇರುವುದಿಲ್ಲ. ಇನ್ನೊಂದು ಕಾಲು ಚಾಚೆಂದು ಮಾಂತುವಿಗೆ ಸನ್ನೆ ಮಾಡಿ, ಎರಡನೆಯ ಬೂಟು ತಿಕ್ಕತೊಡಗುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಮುಖ ಎತ್ತದೆಯೇ ಉತ್ತರ ಕೊಡುತ್ತಾರೆ.

“ಆ ನೀರ ಆರಬಾರದ್ರಿ. ಆರಿದ್ರ ಇಲ್ಲಿ ತರ್ಲಿ, ಸಾಕ್ತೀನಿ. ಸಾಕಾಕ ಬರ್ತದ ನನಗ. ಖರೇ ಅಂದ್ರ, ಸಾಕೂ ಪಾಳಿ ಬರಬಾರದು.”